ಹೆಸರು ಮುಚ್ಚಿದರೂ ಊರು ಹೇಳಿಬಿಡುತ್ತದೆ

ಮಾನ್ಯ ಸಂಪಾದಕರೇ,

ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರ ಕೆಲಸದ ಹೊರೆ, ತರಬೇತಿ, ಆರೋಗ್ಯದ ಬಗ್ಗೆ ಸಮೀಕ್ಷೆಗಳು ನಡೆಯುತ್ತವೆ. ನಡೆಯಲೂಬೇಕು. ಅವುಗಳ ನಮೂನೆಯ ತಲೆಯ ಮೇಲೆ ‘ನಿಮ್ಮ ಹೆಸರನ್ನು ಗೋಪ್ಯವಾಗಿಡಲಾಗುವುದು’ ಎಂಬ ಸಾಲೊಂದು ಇರುತ್ತದೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಹಳ್ಳಿಗಳಲ್ಲಿ ಆ ಭರವಸೆ ಏನೇನೂ ಸಾಲದು. ಕೇಂದ್ರಕ್ಕೆ ಒಬ್ಬರು ಟೀಚರ್ (ಕಾರ್ಯಕರ್ತೆ), ಒಬ್ಬರು ಸಹಾಯಕಿ. ಸಣ್ಣ ಊರಿಗೆ ಇರುವುದೇ ಒಂದು ಕೇಂದ್ರ. ಹಾಳೆಯ ಮೇಲೆ ಊರು ಮತ್ತು ಹುದ್ದೆ ಎರಡೂ ಇದ್ದರೆ ಹೆಸರು ಬರೆದಂತೆಯೇ ಆಯಿತು.

ಊರು ಬಿಟ್ಟು ಬರೀ ತಾಲ್ಲೂಕು ಬರೆಸಿದರೆ ಸರಿಹೋಗುತ್ತದೆಯೇ? ಇಂಥದೊಂದು ಸಾಲನ್ನು ಊಹಿಸಿಕೊಳ್ಳಿ: ಗುಡಿಬಂಡೆ ತಾಲ್ಲೂಕು, ಸಹಾಯಕಿ, ವಯಸ್ಸು 47, ವಿಧವೆ, ಸೇವೆ 19 ವರ್ಷ, ಓದು 7ನೇ ತರಗತಿ, ಮನೆಮಾತು ತೆಲುಗು. ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕುವವರಿಗೆ ಇವರು ಯಾರೋ ಒಬ್ಬರು. ಅದೇ ತಾಲ್ಲೂಕಿನ ಮೇಲ್ವಿಚಾರಕಿಗೆ ಓದುತ್ತಿದ್ದಂತೆಯೇ ಮುಖ ಕಣ್ಣಮುಂದೆ ಬರುತ್ತದೆ. ಆ ಸಾಲಿನ ಕೊನೆಯಲ್ಲಿ ‘ಮೊಟ್ಟೆಗೆ ಕೈಯಿಂದ ದುಡ್ಡು ಹಾಕಿ ಎರಡು ತಿಂಗಳಾಯಿತು, ಕೇಳಿದರೆ ಗದರುತ್ತಾರೆ’ ಎಂಬ ಉತ್ತರವಿದ್ದರೆ ಅದರ ಫಲ ಉಣ್ಣುವವರು ಯಾರು ಎಂದು ಹೇಳಬೇಕಿಲ್ಲ.

ಲೆಕ್ಕವೇ ಹಾಗಿದೆ. ಒಬ್ಬ ಮೇಲ್ವಿಚಾರಕಿಯ ವಲಯದಲ್ಲಿ 24 ಕೇಂದ್ರಗಳಿವೆ ಎನ್ನಿ, ಅಂದರೆ 24 ಸಹಾಯಕಿಯರು. ವಯಸ್ಸಿನ 4 ಗುಂಪು, ಸೇವಾವಧಿಯ 3 ಗುಂಪು, ಮನೆಮಾತಿನ 2 ಗುಂಪು ಮಾಡಿದರೆ ಕೋಷ್ಟಕದಲ್ಲಿ ಒಟ್ಟು 24 ಮನೆಗಳು (ಚೌಕಗಳು) ಆಗುತ್ತವೆ. ಸರಾಸರಿ ಮನೆಗೆ ಒಬ್ಬರು! ಮೂರೇ ಮೂರು ಪ್ರಶ್ನೆಗೆ ಹಲವರು ಬಯಲಾದರು. ಆದ್ದರಿಂದ ಪ್ರಶ್ನೆ ಬರೆಯುವಾಗಲೇ ಕತ್ತರಿ ಆಡಿಸಬೇಕು. ವಯಸ್ಸನ್ನು 47 ಎಂದು ಬರೆಸದೆ ‘45ರಿಂದ 54’ ಎಂದರೆ ಸಾಕು. ಜಾತಿ, ವೈವಾಹಿಕ ಸ್ಥಿತಿ, ಆಧಾರ್ ಸಂಖ್ಯೆ ಇವುಗಳಿಂದ ಯಾವ ಕೋಷ್ಟಕ ಹೊರಡುತ್ತದೆ ಎಂದು ಮೊದಲೇ ಹೇಳಲಾಗದಿದ್ದರೆ ಆ ಪ್ರಶ್ನೆಯೇ ಬೇಡ. ಗುರುತು ಖಚಿತಪಡಿಸಿಕೊಳ್ಳಲು ಕಾರ್ಡನ್ನು ಕಣ್ಣಲ್ಲಿ ನೋಡಿದರೆ ಸಾಲುತ್ತದೆ. ಫೋಟೊ ತೆಗೆದರೆ ಅದು ಗಣತಿದಾರರ ಸ್ವಂತ ಮೊಬೈಲಿನ ಗ್ಯಾಲರಿಯಲ್ಲಿ ಉಳಿಯುತ್ತದೆ, ಬ್ಯಾಕಪ್ ಆನ್ ಇದ್ದರೆ ಅವರ ಖಾತೆಗೂ ಸೇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಅನಾಹುತ ಮಾಡುವುದು ವಾಟ್ಸ್ಆ್ಯಪ್ ಗ್ರೂಪ್. ‘ಸಂಜೆ 5ರೊಳಗೆ ಎಲ್ಲರೂ ಫಾರಂ ತುಂಬಿ, ಸ್ಕ್ರೀನ್‌ಶಾಟ್ ಹಾಕಿ’ ಎಂದು ಮೇಲಿನವರು ಸಂದೇಶ ಕಳಿಸಿದ ಮೇಲೆ ಒಪ್ಪಿಗೆ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಉತ್ತರ ಯಾರ ಬಗ್ಗೆಯೋ ಅವರ ಕೈಯಿಂದಲೇ ಉತ್ತರ ಹಾದುಹೋಗಬಾರದು. ಆನ್‌ಲೈನ್ ಫಾರಂ ಬಳಸುವವರು ಮೂರು ಕಡೆ ನೋಡಿಕೊಳ್ಳಲಿ: ಇಮೇಲ್ ವಿಳಾಸ ಸಂಗ್ರಹಿಸುವ ಆಯ್ಕೆ ಬಂದ್ ಆಗಿದೆಯೇ, ತುಂಬಿದವರಿಗೆ ಉಳಿದವರ ಉತ್ತರಗಳ ಸಾರಾಂಶ ಕಾಣುತ್ತದೆಯೇ, ಉತ್ತರಗಳು ಬಂದು ಬೀಳುವ ಶೀಟ್ ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂದಿದೆಯೇ.

ಹಳ್ಳಿಗಾಡಿನಲ್ಲಿ ಕಾಗದದ ನಮೂನೆಯೇ ಇವತ್ತಿಗೂ ವಾಸಿ, ಕ್ರಮ ಗೊತ್ತಿದ್ದರೆ. ವಲಯ ಸಭೆಗೆ 24 ಮಂದಿ ಬರುವುದಿದ್ದರೆ 40 ಚೀಟಿಗಳಲ್ಲಿ ಕ್ರಮ ತಪ್ಪಿದ ನಾಲ್ಕಂಕಿಯ ಸಂಖ್ಯೆಗಳನ್ನು ಬರೆದು ಡಬ್ಬಿಗೆ ಹಾಕಿ ಕಲಸಬೇಕು. ಒಬ್ಬೊಬ್ಬರೂ ತಾವೇ ಒಂದು ಚೀಟಿ ಎತ್ತಿ, ಆ ಸಂಖ್ಯೆಯನ್ನು ನಮೂನೆಯ ಮೇಲೆ ಬರೆಯಬೇಕು. ಹಾಜರಿ ಪಟ್ಟಿಯಲ್ಲಿ ‘ಚೀಟಿ ಪಡೆದರು’ ಎಂಬ ಗುರುತು ಮಾತ್ರ, ಸಂಖ್ಯೆ ಬೇಡ. ತುಂಬಿದ ನಮೂನೆಯನ್ನು ಮಡಿಸಿ, ಬೀಗ ಹಾಕಿದ ಪೆಟ್ಟಿಗೆಯ ಕಿಂಡಿಯೊಳಗೆ ಅವರೇ ಹಾಕಲಿ. ಮೇಲ್ವಿಚಾರಕಿ ಆ ಹೊತ್ತು ಕೋಣೆಯಲ್ಲಿ ಇರಬಾರದು, ಟೀಚರ್ ಮತ್ತು ಅದೇ ಕೇಂದ್ರದ ಸಹಾಯಕಿ ಪಕ್ಕಪಕ್ಕ ಕೂರಬಾರದು. ಓದು ಬಾರದವರಿಗೆ ಪ್ರಶ್ನೆ ಓದಿ ಹೇಳಲು ಹೊರಗಿನವರು ಬೇಕು. ಕೇಂದ್ರದ ಕೋಡ್‌ಗೆ 1, 2 ಸೇರಿಸಿ ಸಂಖ್ಯೆ ಕೊಡುವುದು ಎಲ್ಲೆಡೆ ಕಾಣುವ ತಪ್ಪು, ಆ ಕೋಡ್ ಇಲಾಖೆಯವರೆಲ್ಲರ ಬಳಿ ಇರುತ್ತದೆ.

ವರ್ಷ ಬಿಟ್ಟು ಅವರನ್ನೇ ಮತ್ತೆ ಕೇಳಬೇಕಾದರೆ ಹೆಸರು–ಸಂಖ್ಯೆಯ ಕೀಲಿಪಟ್ಟಿ ಬೇಕಾಗುತ್ತದೆ. ಆಗ ಅದು ಉತ್ತರಗಳಿರುವ ಕಂಪ್ಯೂಟರಿನಲ್ಲಿ ಇರಬಾರದು, ಪಾಸ್‌ವರ್ಡ್ ಹಾಕಿ ಬೇರೊಬ್ಬರ ವಶಕ್ಕೆ ಕೊಡಬೇಕು, ಅಳಿಸುವ ದಿನಾಂಕವನ್ನು ಆವತ್ತೇ ಬರೆದಿಡಬೇಕು. ಭತ್ಯೆಗಾಗಿ ಪಡೆಯುವ ಬ್ಯಾಂಕ್ ಖಾತೆಯ ವಿವರವೂ ಬೇರೆಯೇ ಇರಲಿ.

ಸ್ವಂತ ಮಾತಿನ ಉತ್ತರಗಳನ್ನು ಯಂತ್ರ ಪೂರ್ತಿ ಶುದ್ಧ ಮಾಡುವುದಿಲ್ಲ, ಒಬ್ಬರು ಕೂತು ಓದಲೇಬೇಕು. ‘ಕೆರೆ ಏರಿ ಪಕ್ಕದ ಕೇಂದ್ರ, ಛಾವಣಿ ಬಿದ್ದಾಗಿನಿಂದ ದೇವಸ್ಥಾನದಲ್ಲಿ ಮಕ್ಕಳನ್ನು ಕೂರಿಸುತ್ತೇನೆ’ ಎಂಬ ಒಂದು ವಾಕ್ಯ ಸಾಕು, ಆ ಹೋಬಳಿಯವರೆಲ್ಲ ಗುರುತು ಹಿಡಿಯುತ್ತಾರೆ. ‘ಕಟ್ಟಡವಿಲ್ಲದೆ ಬೇರೆಡೆ ನಡೆಯುತ್ತಿದೆ’ ಎಂದು ಬದಲಿಸಬೇಕು. ಎಕ್ಸೆಲ್‌ನಲ್ಲಿ ಹೆಸರಿನ ಕಾಲಂ ಮರೆಮಾಡಿ ಕಳಿಸುವವರಿದ್ದಾರೆ. ಮರೆಮಾಡಿದ್ದು ಅಳಿಸಿದಂತಲ್ಲ, ಎರಡು ಕ್ಲಿಕ್ಕಿಗೆ ವಾಪಸ್ ಬರುತ್ತದೆ.

ವರದಿಯ ಕೋಷ್ಟಕಗಳಲ್ಲಿ 10ಕ್ಕಿಂತ ಕಡಿಮೆ ಮಂದಿಯಿರುವ ಮನೆಯ ಅಂಕಿಯನ್ನು ಮುಚ್ಚುವುದು ಒಳ್ಳೆಯ ರೂಢಿ. ಆದರೆ ಜಿಲ್ಲೆಯ ಮೊತ್ತವನ್ನೂ ಉಳಿದ ತಾಲ್ಲೂಕುಗಳ ಅಂಕಿಗಳನ್ನೂ ಕೊಟ್ಟು ಗುಡಿಬಂಡೆಯೊಂದನ್ನೇ ಮುಚ್ಚಿದರೆ ಕಳೆದು ನೋಡಿದವರಿಗೆ ಸಿಕ್ಕೇ ಸಿಗುತ್ತದೆ. ಕನಿಷ್ಠ ಎರಡನ್ನು ಮುಚ್ಚಬೇಕು. ಇನ್ನೊಂದು ಸೂಕ್ಷ್ಮವಿದೆ. ಒಂದು ವಲಯದ 24 ಮಂದಿಯೂ ‘ರಜೆ ಕೊಡುವುದಿಲ್ಲ’ ಎಂದಿದ್ದರೆ ಸಂಖ್ಯೆ ದೊಡ್ಡದಾದರೂ ಪ್ರತಿಯೊಬ್ಬರ ಉತ್ತರವೂ ಹೊರಬಿದ್ದಂತೆಯೇ. ಅಂಥ ಅಂಕಿಯನ್ನು ಜಿಲ್ಲಾ ಮಟ್ಟದಲ್ಲಿ ಮಾತ್ರ ಕೊಡಬೇಕು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು; ಮುಖ್ಯ ಕಟ್ಟುಪಾಡುಗಳ ಜಾರಿಗೆ ಅಲ್ಲಿಂದ 18 ತಿಂಗಳ ಗಡುವು ಇಟ್ಟರು. ಕಾಗದದಲ್ಲಿ ಪಡೆದು ಕಂಪ್ಯೂಟರಿಗೆ ಏರಿಸಿದ ಮಾಹಿತಿಗೂ ಅದು ಅನ್ವಯಿಸುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು ಎನ್ನುತ್ತದೆ. ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಕನ್ನಡದ ಜೊತೆಗೆ ತೆಲುಗಿನಲ್ಲೂ ಕೊಡಬೇಕೆಂದು ನಾವು ಒತ್ತಾಯಿಸುವುದು ಇದಕ್ಕೇ. ಸಂಶೋಧನೆ, ಅಂಕಿಅಂಶದ ಕೆಲಸಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಉಂಟು. ಆದರೆ ಆ ಮಾಹಿತಿಯನ್ನು ನಿರ್ದಿಷ್ಟ ವ್ಯಕ್ತಿಯ ಕುರಿತ ತೀರ್ಮಾನಕ್ಕೆ ಬಳಸಕೂಡದು ಎಂಬ ಷರತ್ತಿನ ಮೇಲೆ. ಸಮೀಕ್ಷೆಯ ಉತ್ತರ ಹಿಡಿದು ಒಬ್ಬ ಟೀಚರಿಗೆ ಕಾರಣ ಕೇಳಿ ನೋಟಿಸ್ ಕೊಟ್ಟರೆ ಆ ವಿನಾಯಿತಿಯ ಆಸರೆ ಇರುವುದಿಲ್ಲ.

ನಮೂನೆ ಕೈಗೆ ಬಂದಾಗ ಟೀಚರ್, ಸಹಾಯಕಿಯರು ಸಂಕೋಚವಿಲ್ಲದೆ ಕೇಳಲಿ: ಇದನ್ನು ಯಾರು ಓದುತ್ತಾರೆ, ನಮ್ಮ ಮೇಲ್ವಿಚಾರಕಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕೈಗೆ ಹೋಗುತ್ತದೆಯೇ, ಯಾವತ್ತು ಅಳಿಸುತ್ತೀರಿ, ಬೇಡವೆಂದರೆ ಏನಾಗುತ್ತದೆ? ಉತ್ತರ ಬಾಯಿಮಾತಿನಲ್ಲಿ ಬೇಡ, ನಮೂನೆಯ ಮೊದಲ ಪುಟದಲ್ಲೇ ಅಚ್ಚಾಗಿರಲಿ.

– ಸಮೀಕ್ಷಾ ದತ್ತಾಂಶ ನಿರ್ವಹಣೆಯಲ್ಲಿ ತೊಡಗಿರುವವರು, ಚಿಕ್ಕಬಳ್ಳಾಪುರ