‘ನೀನು ಯಾರ ಮನೆಯವನು?’

ಮಾನ್ಯ ಸಂಪಾದಕರೇ,

ಬೇರೆ ಜಿಲ್ಲೆಯಲ್ಲಿ ಮೂರನೆಯ ವರ್ಷದ ಎಂಬಿಬಿಎಸ್ ಓದುತ್ತಿರುವ ನನ್ನ ತಂಗಿಯ ಮಗಳು ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆಂದು ಊರಿಗೆ ಬಂದಿದ್ದಾಗ ಹೇಳಿದ ಸಂಗತಿಯೊಂದು ಈ ಪತ್ರಕ್ಕೆ ಕಾರಣ. ಫೊರೆನ್ಸಿಕ್ ಮೆಡಿಸಿನ್ (ನ್ಯಾಯವೈದ್ಯಶಾಸ್ತ್ರ) ತರಗತಿಯಲ್ಲಿ ಸಲಿಂಗಿಗಳ ವಿಷಯ ಬಂದೊಡನೆ ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತಂತೆ; ಪಾಠ ಮಾಡುತ್ತಿದ್ದವರೂ ನಕ್ಕು ಮುಂದಿನ ವಿಷಯಕ್ಕೆ ಹೋದರಂತೆ. ಇದು ಹಾರ್ಮೋನಿನ ದೋಷವೆಂದು, ಮದುವೆ ಮಾಡಿಸಿದರೆ ಸರಿಹೋಗುತ್ತದೆಂದು ನಂಬಿದ ಸಹಪಾಠಿಗಳು ಅವಳಿಗೆ ಈಗಲೂ ಇದ್ದಾರೆ.

ಈ ಅಜ್ಞಾನಕ್ಕೆ ಮಕ್ಕಳನ್ನಷ್ಟೇ ದೂರಲಾಗದು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಹೀಗಿದ್ದೂ ರಾಷ್ಟ್ರೀಯ ವೈದ್ಯಕೀಯ ಆಯೋಗವು 2024ರ ಆಗಸ್ಟ್ ಕೊನೆಯಲ್ಲಿ ಹೊರಡಿಸಿದ ಪಠ್ಯಕ್ರಮದಲ್ಲಿ ಹೆಣ್ಣು ಹೆಣ್ಣಿನ ಸಂಬಂಧವು ಅಸ್ವಾಭಾವಿಕ ಲೈಂಗಿಕ ಅಪರಾಧಗಳ ಸಾಲಿನಲ್ಲಿ ಸೇರಿತ್ತು. ಆಕ್ಷೇಪಗಳೆದ್ದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆದು ತಿದ್ದಿದರೆನ್ನಿ. ಲೈಂಗಿಕ ಒಲವನ್ನು ‘ಸರಿಪಡಿಸುವ’ ಚಿಕಿತ್ಸೆ ವೃತ್ತಿ ದುರ್ನಡತೆಯೆಂದು 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದ್ದೂ ಇದೇ ಆಯೋಗ!

ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಈ ನಗುವಿನ ಪರಿಣಾಮ ಹೆಚ್ಚು. ಇಲ್ಲಿ ಹೊಸಬರು ಎದುರಾದರೆ ನಾವು ಹೆಸರಿಗಿಂತ ಮೊದಲು ‘ಯಾರ ಮನೆಯವರು?’ ಎಂದು ಕೇಳುತ್ತೇವೆ, ನಾನೂ ಕೇಳುತ್ತೇನೆ. ವೈದ್ಯರ ಕೊಠಡಿಯಲ್ಲಿಯೂ ಅದೇ ಪ್ರಶ್ನೆ ಬಂದಾಗ, ನಿದ್ದೆ ಬಾರದೆ, ಬದುಕೇ ಬೇಡವೆನಿಸಿ ಬಂದ ಹುಡುಗನೊಬ್ಬ ತನ್ನ ಒಲವಿನ ಮಾತನ್ನು ನುಂಗಿಕೊಂಡು, ಬರೀ ತಲೆನೋವೆಂದು ಹೇಳಿ ಮಾತ್ರೆ ಪಡೆದು ಹಿಂತಿರುಗುವುದು ಸಹಜ. ಅವನು ಹೇಳಿದ್ದು ಸಂಜೆಯೊಳಗೆ ಅವನ ತೋಟಕ್ಕೆ ತಲುಪುವುದಿಲ್ಲವೆಂಬ ಭರವಸೆ ಎಲ್ಲಿದೆ? ಲೈಂಗಿಕ ಒಲವಿನ ಕಾರಣಕ್ಕೆ ತಾರತಮ್ಯವಿಲ್ಲದೆ ಚಿಕಿತ್ಸೆ ಪಡೆಯುವ ಹಕ್ಕನ್ನೂ ಗೋಪ್ಯತೆಯ ಹಕ್ಕನ್ನೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ. ಆದರೆ ಎಷ್ಟು ರೋಗಿಗಳಿಗೆ ಅದು ಗೊತ್ತು?

ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ವರ್ತನೆ, ನೀತಿ ಮತ್ತು ಸಂವಹನದ ಪಾಠಗಳಿಗೆ 2019ರಿಂದ ಎಂಬಿಬಿಎಸ್‌ನಲ್ಲಿ ಪ್ರತ್ಯೇಕ ಅವಧಿಗಳೂ ಇವೆ. ಅವುಗಳಲ್ಲಿ ಕೆಲವನ್ನಾದರೂ ಈ ವಿಷಯಕ್ಕೆ ಮೀಸಲಿಟ್ಟು, ಮಾತನಾಡಲು ಒಪ್ಪುವ ಸಲಿಂಗಿಗಳನ್ನೇ ತರಗತಿಗೆ ಕರೆಸಬೇಕೆಂದು ಸಂಸ್ಥೆಯವರಲ್ಲಿ ವಿನಂತಿಸುತ್ತೇನೆ. ಬರುವವರ ಮನೆ ಹೆಸರನ್ನು ಮಾತ್ರ ಯಾರೂ ಕೇಳದಿರಲಿ.

ಇತಿ,
ನಿವೃತ್ತ ಶಿಕ್ಷಕಿ, ವಿರಾಜಪೇಟೆ