ಹಾಡಿದವರ ಹೆಸರೂ ಬರಲಿ

ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಮಿಡ್‌ನೈಟ್ ಆಯಿಲ್ 2020ರಲ್ಲಿ ತಂದ ‘ದ ಮಕರಾಟ ಪ್ರಾಜೆಕ್ಟ್’ ಆಲ್ಬಂ ಬಗ್ಗೆ ಬರೆಯುವವರು ಗಾಯಕ ಪೀಟರ್ ಗ್ಯಾರೆಟ್ ಹೆಸರಿಗೇ ನಿಂತುಬಿಡುತ್ತಾರೆ. ಜತೆಗೆ ಹಾಡಿದ ಮೂಲನಿವಾಸಿ ಕಲಾವಿದರು ‘ಮತ್ತಿತರರು’ ಆಗಿಬಿಡುತ್ತಾರೆ. ಇದು ಸರಿಯಲ್ಲ.

ಈ ಆಲ್ಬಂನ ಜೀವವೇ ಅವರು. ‘ಗ್ಯಾಡಿಗಲ್ ಲ್ಯಾಂಡ್’ ಹಾಡು ಕೇಳಿ: ಜೋಯಲ್ ಡೇವಿಸನ್ ಮೂಲನಿವಾಸಿ ಗ್ಯಾಡಿಗಲ್ ಜನರ ನುಡಿಯಲ್ಲೇ ಬರೆದ ಸಾಲುಗಳಿವೆ. ಇಂದಿನ ಸಿಡ್ನಿ ಎದ್ದಿರುವುದು ಆ ಜನರ ನೆಲದ ಮೇಲೆ. ಡ್ಯಾನ್ ಸುಲ್ತಾನ್, ಬನ್ನಾ ಲಾರಿ ದನಿಯೂ ಅದರಲ್ಲಿದೆ. ‘ಡೆಸರ್ಟ್ ಮ್ಯಾನ್, ಡೆಸರ್ಟ್ ವುಮನ್’ನಲ್ಲಂತೂ ಫ್ರಾಂಕ್ ಯಾಮಾ ಅವರ ತುಂಬು ಕಂಠವೇ ಮನಸ್ಸಿನಲ್ಲಿ ಉಳಿಯುತ್ತದೆ. ಬ್ಯಾಂಡು ತನ್ನ ಪಾಲಿನ ಹಣವನ್ನೂ ‘ಉಲುರು ಹೇಳಿಕೆ’ಯ ಪ್ರಚಾರಕ್ಕೆ ಬಿಟ್ಟುಕೊಟ್ಟಿತು. ಮೂಲನಿವಾಸಿಗಳ ಮಾತಿಗೆ ಸಂವಿಧಾನದಲ್ಲಿ ಜಾಗ ಬೇಕು ಎಂದು 2017ರಲ್ಲಿ ಅವರ ಪ್ರತಿನಿಧಿಗಳು ಹೊರಡಿಸಿದ ಹೇಳಿಕೆ ಅದು. 2023ರ ಜನಮತಗಣನೆಯಲ್ಲಿ ಆ ಬೇಡಿಕೆ ಸೋತಿತು. ಓಟಿನಲ್ಲೂ ಮಾತು ಸಿಗಲಿಲ್ಲ, ಬರಹದಲ್ಲಿ ಹೆಸರೂ ಇಲ್ಲ ಅಂದರೆ ಹೇಗೆ, ಅಲ್ವಾ?

ಇಂಥ ಆಲ್ಬಂ ಪರಿಚಯಿಸುವಾಗ ಪತ್ರಿಕೆಯು ಪ್ರತಿ ಹಾಡಿನ ಗಾಯಕರು, ಬರೆದವರು ಹಾಗೂ ಅವರ ಸಮುದಾಯದ ಹೆಸರನ್ನು ಸಣ್ಣ ಬಾಕ್ಸಿನಲ್ಲಿ ಕೊಡಲಿ. ಸಾಧ್ಯವಾದರೆ ಒಂದೇ ಪುಟದ ಉಲುರು ಹೇಳಿಕೆಯನ್ನೂ ಭಾನುವಾರದ ಪುರವಣಿಯಲ್ಲಿ ಕನ್ನಡದಲ್ಲಿ ಪ್ರಕಟಿಸಲಿ.