ಮಗಳಿಗೊಂದು ಪತ್ರ: ಮೊದಲು ತಾರಸಿ ನೋಡು

ಪ್ರೀತಿಯ ಮಗಳೇ,

ನಿನ್ನ ಗೆಳತಿಯ ಅಕ್ಕನ ಸೀಮಂತದ ಫೋಟೊಗಳು ನಿನ್ನೆ ರಾತ್ರಿ ಬಂದವು. ಊಟ ಆದಮೇಲೆ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು ಒಂದೊಂದನ್ನೇ ನೋಡಿದೆ. ಹಸಿರು ಬಳೆ ತೊಡಿಸುವ ಫೋಟೊ ಇದೆಯಲ್ಲ, ಗಳಿಗೆ ಸರಿಯಾಗಿ ಹಿಡಿದಿದ್ದೀಯ. ಬಳೆ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿದೆ, ಅವಳು ನಗುತ್ತಲೇ ತುಟಿ ಕಚ್ಚಿದ್ದಾಳೆ. ಆದರೆ ಮುಖ ಮಾತ್ರ ಸುಣ್ಣ ಬಳಿದ ಹಾಗಿದೆ. ಹಣೆಯ ಬೆವರು ಬೆಳ್ಳಗೆ ಹೊಳೆಯುತ್ತಿದೆ. ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಅಂಟಿಕೊಂಡಿದೆ. "ಹೊಸ ಫ್ಲಾಶ್ ಸರಿಯಿಲ್ವಾ ಅಪ್ಪ?" ಅಂತ ಕೇಳಿದ್ದೀಯ. ಫ್ಲಾಶ್ ಚೆನ್ನಾಗಿಯೇ ಇದೆ. ನೀನು ಅದರ ತಲೆ ತಿರುಗಿಸಿಲ್ಲ, ಅಷ್ಟೆ. ಫೋನಿನಲ್ಲಿ ಹೇಳಿದರೆ ಅಲ್ಲಿಗೇ ಮರೆತುಹೋಗುತ್ತದೆ ಅಂತ ಕೂತು ಬರೆಯುತ್ತಿದ್ದೇನೆ.

ಫ್ಲಾಶಿನ ಗಾಜು ಎಷ್ಟಗಲ ಇದೆ ನೋಡು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅಷ್ಟು ಚಿಕ್ಕ ಜಾಗದಿಂದ ಬಂದ ಬೆಳಕಿನ ನೆರಳು ಕತ್ತರಿಸಿದ ಹಾಗೆ ಬೀಳುತ್ತದೆ. ಬೇಸಿಗೆಯ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಬಟ್ಟೆ ಹಗ್ಗದ ನೆರಳು ಗೆರೆ ಎಳೆದಂತೆ ಬೀಳುತ್ತದೆ ಅಲ್ವಾ? ಅದೇ ಆಷಾಢದಲ್ಲಿ ಮೋಡ ಕವಿದಾಗ ಆ ಹಗ್ಗಕ್ಕೆ ನೆರಳೇ ಇರುವುದಿಲ್ಲ. ಆಗ ಇಡೀ ಆಕಾಶವೇ ದೀಪ. ದೀಪ ದೊಡ್ಡದಾದಷ್ಟೂ ನೆರಳು ಮೆತ್ತಗೆ. ಡೈರೆಕ್ಟ್ ಅಂದರೆ ಫ್ಲಾಶನ್ನು ನೇರ ಮುಖಕ್ಕೆ ಹೊಡೆಯುವುದು, ಬೌನ್ಸ್ ಅಂದರೆ ತಾರಸಿಗೋ ಗೋಡೆಗೋ ಹೊಡೆದು ವಾಪಸ್ ಬರುವ ಬೆಳಕು, ಡಿಫ್ಯೂಸರ್ ಅಂದರೆ ಬೆಳಕನ್ನು ಹರಡಲು ಫ್ಲಾಶಿಗೆ ಹಾಕುವ ಬಿಳಿ ಹೊದಿಕೆ. ಈ ಮೂರಕ್ಕೂ ಇರುವ ವ್ಯತ್ಯಾಸ ಇಷ್ಟೇ: ನಿನ್ನ ದೀಪ ಎಷ್ಟು ದೊಡ್ಡದಾಯಿತು, ಯಾವ ಕಡೆಯಿಂದ ಬಂತು.

ಹಿಂದೆ ಕೂತವರೆಲ್ಲ ಕತ್ತಲಲ್ಲಿ ಮುಳುಗಿದ್ದಾರೆ ಅಂತಲೂ ಬರೆದಿದ್ದೀಯ. ಅದು ದೂರದ ಲೆಕ್ಕ. 5 ಅಡಿ ದೂರದಲ್ಲಿ ಇರುವವರಿಗೆ ಸಿಗುವ ಬೆಳಕಿನಲ್ಲಿ ಕಾಲು ಭಾಗ ಮಾತ್ರ 10 ಅಡಿಯಲ್ಲಿ ಇರುವವರಿಗೆ ಸಿಗುತ್ತದೆ. 20 ಅಡಿಯಲ್ಲಿ ಹದಿನಾರರಲ್ಲಿ ಒಂದು ಪಾಲು. ಅದಕ್ಕೇ ಮುಂದಿನವರು ಸುಣ್ಣ, ಹಿಂದಿನವರು ಮಸಿ.

ಈಗ ಬೌನ್ಸ್. ಮನೆಯೊಳಗೆ ನನಗೆ ತುಂಬಾ ಇಷ್ಟವಾದದ್ದು ಇದೇ. ಕೋಣೆಗೆ ಕಾಲಿಟ್ಟ ತಕ್ಷಣ ಮೊದಲು ತಾರಸಿ ನೋಡು, ಅಂದರೆ ತಲೆಯ ಮೇಲಿನ ಚಾವಣಿಯ ಒಳಭಾಗ, ಆಮೇಲೆ ಗೋಡೆ ನೋಡು. ಬಿಳಿ ಬಣ್ಣ ಇದ್ದು, ಎತ್ತರ 10 ಅಡಿ ಆಸುಪಾಸು ಇದ್ದರೆ ಪುಣ್ಯ. ಫ್ಲಾಶಿನ ತಲೆ ಮೇಲೆತ್ತು. ಬೆಳಕು ತಾರಸಿಗೆ ಬಡಿದು ಹರಡಿ ಕೆಳಗೆ ಬರುತ್ತದೆ. ಆಗ ನಿನ್ನ ದೀಪ ಬೆಂಕಿಪೊಟ್ಟಣ ಅಲ್ಲ, ಇಡೀ ತಾರಸಿ. ಸುಮಾರು 2 ಸ್ಟಾಪ್ ಬೆಳಕು ಕಡಿಮೆಯಾಗುತ್ತದೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆದ ಹಾಗೆ, ಹಾಗಾಗಿ ಕಾಲು ಭಾಗ ಉಳಿಯುತ್ತದೆ. ಹೆದರಬೇಡ, ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕೆ, 400 ಇದ್ದದ್ದನ್ನು 1600 ಮಾಡು.

ಆದರೆ ನೆತ್ತಿಯ ಮೇಲಿನಿಂದಲೇ ಬೆಳಕು ಬಿದ್ದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ. ಅದಕ್ಕೇ ನಾನು ಆದಷ್ಟೂ ಪಕ್ಕದ ಗೋಡೆಗೆ ಹೊಡೆಯುತ್ತೇನೆ. ಕಿಟಕಿ ಪಕ್ಕ ಕೂತವರ ಮುಖದ ಮೇಲೆ ಬೀಳುವಂಥ ಬೆಳಕು ಅದು. ಕ್ಯಾಮೆರಾ ಅಡ್ಡ ಇದ್ದದ್ದು ನಿಲುವಾದಾಗ ಫ್ಲಾಶಿನ ತಲೆಯನ್ನೂ ಮತ್ತೆ ತಿರುಗಿಸಿಕೋ, ಇದನ್ನು ಎಲ್ಲರೂ ಮರೆಯುತ್ತಾರೆ.

ಹಾಲಿನಲ್ಲಿ ನಿನ್ನ ಅಜ್ಜಿಯ ಎರಡು ಫೋಟೊ ಅಕ್ಕಪಕ್ಕ ಇವೆಯಲ್ಲ, ಎರಡೂ ಒಂದೇ ಸಂಜೆ ತೆಗೆದದ್ದು. ಮೊದಲನೆಯದು ಡೈರೆಕ್ಟ್. ಮೂಗುಬೊಟ್ಟು ಬರೀ ಬಿಳಿ ಚುಕ್ಕೆ, ಕೆನ್ನೆ ಹಪ್ಪಳದ ಹಾಗೆ ಚಪ್ಪಟೆ. ಎರಡನೆಯದಕ್ಕೆ ಎಡಗಡೆಯ ಸುಣ್ಣದ ಗೋಡೆಗೆ ಫ್ಲಾಶ್ ತಿರುಗಿಸಿದೆ. ಅದರಲ್ಲಿ ಬೆಂಡೋಲೆ ಭಾರಕ್ಕೆ ಜೋತ ಕಿವಿ ಇದೆ, ಬಾಯಿಯ ಪಕ್ಕದ ಗೆರೆ ಇದೆ, ಕಣ್ಣೊಳಗೆ ಪುಟ್ಟ ಬೆಳಕಿದೆ. ನನ್ನ ಅಮ್ಮ ಹಾಗೇ ಇದ್ದಳು. ಅವಳು ಹೋದಮೇಲೆ ನಾನು ನಿಂತು ನೋಡುವುದು ಆ ಎರಡನೆಯದನ್ನು ಮಾತ್ರ.

ಬಣ್ಣದ ವಿಷಯ ಮಾತ್ರ ಹುಷಾರು. ಬೆಳಕು ಯಾವುದಕ್ಕೆ ಬಡಿಯುತ್ತದೋ ಅದರ ಬಣ್ಣ ಹೊತ್ತು ತರುತ್ತದೆ. ರೀಲಿನ ಕಾಲದಲ್ಲಿ ಒಂದು ಮದುವೆಗೆ ಹೋಗಿದ್ದೆ. ಮೇಲೆ ಹಸಿರು ಶಾಮಿಯಾನ. ಗಮನಿಸದೆ ಅದಕ್ಕೇ ಬೌನ್ಸ್ ಮಾಡುತ್ತಾ ಹೋದೆ. ಪ್ರಿಂಟ್ ಬಂದಾಗ ಧಾರೆ ಎರೆಯುವ ಫೋಟೊದಲ್ಲಿ ಮದುಮಗಳ ಮುಖ ಕಾಮಾಲೆ ಆದವರ ಹಾಗಿತ್ತು. ಮತ್ತೊಮ್ಮೆ ಧಾರೆ ಎರೆಯಲು ಆಗುತ್ತದೆಯೇ? ಆ ಹುಡುಗಿಯ ತಾಯಿ ಬೈಯಲಿಲ್ಲ. ಸುಮ್ನೆ ಆಲ್ಬಮ್ ಮುಚ್ಚಿದರು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಹೆಂಚಿನ ಮನೆಯಲ್ಲೂ ಬೌನ್ಸ್ ನಡೆಯುವುದಿಲ್ಲ, ಕಪ್ಪು ತೊಲೆಗಳು ಬೆಳಕನ್ನು ನುಂಗಿಬಿಡುತ್ತವೆ. ಅಂಥ ಕಡೆ ಯಾರ ಕೈಯಲ್ಲಾದರೂ ಥರ್ಮಾಕೋಲ್ ಹಾಳೆಯೋ ಬಿಳಿ ಪಂಚೆಯೋ ಹಿಡಿಸಿ ಅದಕ್ಕೆ ಹೊಡೆ.

ಡಿಫ್ಯೂಸರ್ ಅಂತ ಫ್ಲಾಶಿನ ಜೊತೆ ಒಂದು ಬಿಳಿ ಪ್ಲಾಸ್ಟಿಕ್ ಟೋಪಿ ಬಂದಿದೆಯಲ್ಲ, ಅದನ್ನು ಜಾಸ್ತಿ ನಂಬಬೇಡ. ಚಿಕ್ಕ ಕೋಣೆಯಲ್ಲಿ ಅದು ಬೆಳಕನ್ನು ಸುತ್ತಲೂ ಚೆಲ್ಲುತ್ತದೆ, ಗೋಡೆಗಳು ಅದನ್ನು ವಾಪಸ್ ಕೊಡುತ್ತವೆ, ಹಾಗಾಗಿ ಮೆತ್ತಗೆ ಕಾಣುತ್ತದೆ. ಬಯಲಿನಲ್ಲಿ ವಾಪಸ್ ಕೊಡಲು ಗೋಡೆಯೇ ಇಲ್ಲ. ಟೋಪಿ ಹಾಕಿದರೂ ಫ್ಲಾಶ್ ಅಷ್ಟೇ ಚಿಕ್ಕದು, ಸೆಲ್ ಖಾಲಿಯಾಗುವುದೊಂದೇ ಲಾಭ. ನಿಜವಾಗಿ ಮೆತ್ತಗಾಗಬೇಕಾದರೆ ಸಾಫ್ಟ್‌ಬಾಕ್ಸ್, ಅಂದರೆ ಮುಂದೆ ಬಿಳಿ ಬಟ್ಟೆ ಇರುವ ದೊಡ್ಡ ಪೆಟ್ಟಿಗೆ, ಅಥವಾ ಬಿಳಿ ಕೊಡೆ ಬೇಕು. ಅದನ್ನೂ ಹತ್ತಿರ ಇಡಬೇಕು. 2 ಅಡಿಯ ಸಾಫ್ಟ್‌ಬಾಕ್ಸ್ 3 ಅಡಿ ದೂರದಲ್ಲಿ ದೊಡ್ಡ ದೀಪ. 15 ಅಡಿ ಹಿಂದಕ್ಕೆ ಸರಿಸಿದರೆ ಮತ್ತೆ ಚಿಕ್ಕದೇ.

ಇಷ್ಟೆಲ್ಲ ಓದಿ ಡೈರೆಕ್ಟ್ ಅಂದರೆ ಕೆಟ್ಟದ್ದು ಅಂದುಕೊಳ್ಳಬೇಡ. ಮಧ್ಯಾಹ್ನದ ಬಿಸಿಲಿನಲ್ಲಿ ಹುಬ್ಬಿನ ನೆರಳು ಕಣ್ಣನ್ನೇ ಮುಚ್ಚುತ್ತದೆ. ಆಗ ಫ್ಲಾಶಿನ ಬೆಳಕನ್ನು ಮೈನಸ್ 1 ಅಥವಾ ಮೈನಸ್ 2 ಸ್ಟಾಪಿಗೆ ಇಳಿಸಿ ನೇರ ಹೊಡೆ. ಫ್ಲಾಶ್ ಹೊಡೆದದ್ದೇ ಗೊತ್ತಾಗಬಾರದು, ಕಣ್ಣು ಕಾಣಬೇಕು. ಕಲ್ಯಾಣ ಮಂಟಪದಲ್ಲಿ ತಾರಸಿ 25 ಅಡಿ ಮೇಲಿದ್ದರೂ ಡೈರೆಕ್ಟೇ ಗತಿ. ಆಗ ಶಟರ್, ಅಂದರೆ ಕ್ಯಾಮೆರಾ ಬೆಳಕನ್ನು ಒಳಗೆ ಬಿಡುವ ಹೊತ್ತು, ಸೆಕೆಂಡಿನ 1/30ಕ್ಕೆ ಇಳಿಸಿದರೆ ಹಿಂದಿನ ದೀಪಾಲಂಕಾರವೂ ಬರುತ್ತದೆ. ಇನ್ನು ಅಕ್ಷತೆ. ಪವರ್ ಕಡಿಮೆ ಇಟ್ಟರೆ ಫ್ಲಾಶ್ ಬೆಳಗುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಶಟರ್ 1/200ರಲ್ಲಿಟ್ಟು ನೇರ ಹೊಡೆದರೆ ಅರಿಶಿನದ ಅಕ್ಕಿ ಒಂದೊಂದು ಕಾಳೂ ಗಾಳಿಯಲ್ಲಿ ನಿಂತುಬಿಡುತ್ತದೆ. ಅಂಥದ್ದೊಂದು ಫೋಟೊ ನನಗೆ ಕಳಿಸು.

ದೀಪಾವಳಿಗೆ ಬರುತ್ತೀಯಲ್ಲ. ಅಮ್ಮನನ್ನು ಹಾಲಿನಲ್ಲಿ ಕೂರಿಸಿ ಮೂರೂ ಥರ ತೆಗೆಯೋಣ. ಅವಳು ಇಳಕಲ್ ಸೀರೆ ಈಗಲೇ ಇಸ್ತ್ರಿಗೆ ಕೊಟ್ಟಿದ್ದಾಳೆ. ಸೆಲ್ ಚಾರ್ಜರ್ ಮರೆಯದೆ ತಾ, ನನ್ನದು ಕೆಟ್ಟಿದೆ.

ನಿನ್ನ
ಅಪ್ಪ